ಹೇಳಿದವನಿಗೇ ದಂಡ

ನಾಟಕವೊಂದನ್ನು ಓದಿ ಮುಗಿಸಿದ ಮೇಲೆ ಅದರ ನಾಯಕನಿಗಿಂತ ತಪ್ಪಿ ನಡೆದವನೇ ನಮ್ಮನ್ನು ಹೆಚ್ಚಾಗಿ ಕಾಡುವುದುಂಟು. ಅಮೆರಿಕದ ನಾಟಕಕಾರ ಟೋನಿ ಕುಶ್ನರ್ ಬರೆದ 'ಏಂಜಲ್ಸ್ ಇನ್ ಅಮೆರಿಕ'ವನ್ನು ಈಚೆಗೆ ಎರಡನೆಯ ಸಲ ಓದಿದಾಗ ನನಗಾದ ಅನುಭವ ಇದು. ಎರಡು ಭಾಗಗಳ ಈ ದೀರ್ಘ ನಾಟಕದ ಮೊದಲ ಭಾಗ 1991ರಲ್ಲಿ ರಂಗಕ್ಕೆ ಬಂತು. 1993ರಲ್ಲಿ ಅದಕ್ಕೆ ಪುಲಿಟ್ಜರ್ ಬಹುಮಾನ ದೊರೆಯಿತು. 2003ರಲ್ಲಿ ಮೈಕ್ ನಿಕೋಲ್ಸ್ ಇಡೀ ನಾಟಕವನ್ನು ಟೆಲಿವಿಷನ್ನಿಗೆ ತಂದರು. ಏಡ್ಸ್ ಕುರಿತ ಕೃತಿಯೆಂದೂ ರಾಜಕೀಯ ವಿಡಂಬನೆಯೆಂದೂ ಅದನ್ನು ಬಹಳವಾಗಿ ಚರ್ಚಿಸಿದ್ದಾರೆ. ನನ್ನ ಮನಸ್ಸು ತೊಡಗಿದ್ದು ಅದರೊಳಗೆ ಅಡಗಿರುವ ಬೇರೊಂದು ಪ್ರಶ್ನೆಯಲ್ಲಿ: ರಕ್ತದಲ್ಲಿ ಎಚ್.ಐ.ವಿ. ಇದೆಯೆ ಇಲ್ಲವೆ ಎಂಬುದನ್ನು ನೋಡಿ ಸಂಗಾತಿಯನ್ನು ಆರಿಸುವುದು ಅಥವಾ ಬಿಡುವುದು ನ್ಯಾಯವೆ?

ಕತೆ ಮೊದಲಾಗುವುದು 1985ರ ನ್ಯೂಯಾರ್ಕಿನಲ್ಲಿ. ಪ್ರಯರ್ ಮತ್ತು ಲೂಯಿಸ್ ಒಟ್ಟಿಗೆ ಬಾಳುತ್ತಿರುವ ಇಬ್ಬರು ಪುರುಷರು, ಪ್ರೇಮಿಗಳು. ಲೂಯಿಸನ ಅಜ್ಜಿಯ ಶವಸಂಸ್ಕಾರದ ದಿನ ಪ್ರಯರ್ ತನ್ನ ತೋಳಿನ ಮೇಲೆ ಎದ್ದಿರುವ ಕಪ್ಪು ನೇರಿಳೆ ಬಣ್ಣದ ಮಚ್ಚೆಯನ್ನು ತೋರಿಸುತ್ತಾನೆ. ಇದನ್ನು ಮೊದಲೇ ಏಕೆ ಹೇಳಲಿಲ್ಲವೆಂದರೆ, ನೀನು ಬಿಟ್ಟುಹೋಗುವೆಯೆಂದು ಹೆದರಿದ್ದೆ ಎನ್ನುತ್ತಾನೆ. ಆ ಭಯ ಸುಳ್ಳಾಗುವುದಿಲ್ಲ. ರೋಗ ಹೆಚ್ಚಿ, ರಕ್ತ ಮಲಗಳ ನಡುವೆ ಪ್ರಯರ್ ನೆಲಕ್ಕೆ ಬಿದ್ದ ಮೇಲೆ ಲೂಯಿಸ್ ಅವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೊರಟುಹೋಗುತ್ತಾನೆ.

ಹೋದವನು ಎಲ್ಲಿಗೆ ಹೋದ? ಇಲ್ಲಿಯೇ ಕುಶ್ನರ್ ಅವರ ನಾಟಕ ಪ್ರತಿಭೆ ಕಾಣುವುದು. ರಾತ್ರಿ ಸೆಂಟ್ರಲ್ ಪಾರ್ಕಿನಲ್ಲಿ ಲೂಯಿಸ್ ಅಪರಿಚಿತನೊಬ್ಬನನ್ನು ಕೂಡುತ್ತಾನೆ. ಆತ ಯಾರೋ, ಅವನ ರಕ್ತದಲ್ಲಿ ಏನಿದೆಯೋ, ಲೂಯಿಸನಿಗೆ ತಿಳಿಯದು. ಕಾಂಡೋಮ್ ಹರಿದಾಗ ಅಪರಿಚಿತನೇ ಗಾಬರಿಗೊಳ್ಳುತ್ತಾನೆ. ಲೂಯಿಸ್ ಮಾತ್ರ, ಸೋಂಕು ತಗುಲಿದರೆ ತಗುಲಲಿ ಎಂದುಬಿಡುತ್ತಾನೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಅಪರಿಚಿತನ ಪಾತ್ರವನ್ನು ಪ್ರಯರ್ ಪಾತ್ರದ ನಟನೇ ವಹಿಸಬೇಕೆಂದು ನಾಟಕಕಾರರ ಸೂಚನೆ. ತಿಳಿದಿದ್ದ ದೇಹದಿಂದ ಓಡಿದವನು ತಿಳಿಯದ ದೇಹವನ್ನು ಅಪ್ಪುತ್ತಾನೆ. ಪ್ರೇಕ್ಷಕನ ಕಣ್ಣಿಗೆ ಎರಡೂ ಒಂದೇ ದೇಹ!

ಲೂಯಿಸ್ ಓಡಿದ್ದು ಸೋಂಕಿನ ಭಯದಿಂದಲ್ಲ, ಶುಶ್ರೂಷೆಯ ಭಯದಿಂದ ಎಂದು ಕೆಲವರು ಆಕ್ಷೇಪಿಸಬಹುದು. ಅದು ನಿಜವೇ. ಆದರೆ ಈ ದೃಶ್ಯ ತೋರಿಸುವ ಸತ್ಯ ಅವನೊಬ್ಬನದಲ್ಲ. ರೋಗಕ್ಕಿಂತ ರೋಗದ ಹೆಸರು ಕಿವಿಗೆ ಬೀಳುವುದೇ ನಮಗೆ ಹೆಚ್ಚು ಭಯ. ಹೆಸರು ಕೇಳದಿದ್ದರೆ ಅಪಾಯವೇ ಇಲ್ಲವೆಂಬ ನೆಮ್ಮದಿ.

'ತನ್ನ ದೇಹವನ್ನು ತಾನು ಕಾಪಾಡಿಕೊಳ್ಳುವುದೂ ತಪ್ಪೆ?' ಎಂದು ವಾಚಕರು ಕೇಳಬಹುದು. ಖಂಡಿತವಾಗಿಯೂ ತಪ್ಪಲ್ಲ. ದೇಹಸಂಬಂಧ ಯಾರೂ ಯಾರಿಗೂ ತೀರಿಸಬೇಕಾದ ಸಾಲವಲ್ಲ. ಒಲ್ಲೆನೆನ್ನುವ ಹಕ್ಕು ಎಲ್ಲರಿಗೂ ಉಂಟು. ಅದಕ್ಕೆ ಕಾರಣ ಕೊಡಬೇಕಾಗಿಯೂ ಇಲ್ಲ. ಆದರೆ 'ಸೋಂಕಿತರು ಬೇಡ' ಎಂಬುದನ್ನು ನಿಯಮ ಮಾಡಿಕೊಂಡು ಅದನ್ನೇ ವಿವೇಕವೆಂದು ಕರೆದಾಗ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಈ ನಿಯಮ ನಿಜವಾಗಿ ಕಾಪಾಡುವುದೆ? ಇದರ ದಂಡ ಯಾರಿಗೆ ಬೀಳುತ್ತದೆ?

ಮೊದಲನೆಯದಕ್ಕೆ ಉತ್ತರ ಕೊಡಲು 1985ರ ಲೂಯಿಸನಿಗೆ ಸಾಧ್ಯವಿರಲಿಲ್ಲ. ಆಗ ರಕ್ತಪರೀಕ್ಷೆ ಹೊಸದಾಗಿ ಬಂದಿತ್ತು, ಔಷಧವಿರಲಿಲ್ಲ. ಇಂದು ನಾವು ಬಲ್ಲೆವು. ಔಷಧವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಕ್ಕದಷ್ಟು ಇಳಿದು, ಹಾಗೆಯೇ ಉಳಿದಿರುವವರಿಂದ ದೇಹಸಂಬಂಧದ ಮೂಲಕ ಸೋಂಕು ಹರಡುವುದಿಲ್ಲ. 2019ರಲ್ಲಿ ಪ್ರಕಟವಾದ 'ಪಾರ್ಟ್ನರ್' ಅಧ್ಯಯನದಲ್ಲಿ ಒಬ್ಬನಿಗೆ ಮಾತ್ರ ಸೋಂಕಿದ್ದ 782 ಪುರುಷ ಜೋಡಿಗಳ ಲೆಕ್ಕವಿದೆ. ಕಾಂಡೋಮ್ ಇಲ್ಲದ ಸುಮಾರು 76,000 ಮಿಲನಗಳಲ್ಲಿ ಒಬ್ಬರಿಗಾದರೂ ತಮ್ಮ ಸಂಗಾತಿಯಿಂದ ಸೋಂಕು ತಗುಲಲಿಲ್ಲ. ಆ ಅವಧಿಯಲ್ಲಿ 15 ಮಂದಿಗೆ ಹೊಸದಾಗಿ ಸೋಂಕು ಬಂದದ್ದು ನಿಜ; ವೈರಸ್ಸಿನ ವಂಶವನ್ನು ಹುಡುಕಿ ನೋಡಿದರೆ ಅದು ಮನೆಯ ಸಂಗಾತಿಯದಾಗಿರಲಿಲ್ಲ, ಹೊರಗಿನದಾಗಿತ್ತು. ಇದನ್ನು ಓದಿದಾಗ ನನಗೆ ಸೆಂಟ್ರಲ್ ಪಾರ್ಕಿನ ದೃಶ್ಯ ನೆನಪಾಗದೆ ಹೋಗಲಿಲ್ಲ.

ಇತ್ತ 'ನನಗೇನೂ ಇಲ್ಲ' ಎನ್ನುವವನ ಮಾತಿಗೆ ಆಧಾರವೇನು? ಕೊನೆಯ ಪರೀಕ್ಷೆಯಷ್ಟೆ, ಅದೂ ಆಗಿದ್ದರೆ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಗೆ ಅದು ಸಿಕ್ಕದೆ ಹೋಗಬಹುದು. ರಕ್ತದಲ್ಲಿ ವೈರಸ್ಸು ಅತಿಯಾಗಿರುವುದೂ ಆಗಲೇ.

ಎರಡನೆಯ ಪ್ರಶ್ನೆಗೆ ನಾಟಕದಲ್ಲಿಯೇ ಉತ್ತರವಿದೆ. ರಾಯ್ ಕೋನ್ ಎಂಬ ವಕೀಲ ಅದರಲ್ಲೊಂದು ಪಾತ್ರ. ನಿಜಜೀವನದಲ್ಲೂ ಇದ್ದ, 1986ರಲ್ಲಿ ಏಡ್ಸ್‌ನಿಂದ ಸತ್ತ ವ್ಯಕ್ತಿ. ತನಗಿರುವುದು ಪಿತ್ತಜನಕಾಂಗದ ಕ್ಯಾನ್ಸರೆಂದು ಅವನು ವೈದ್ಯನನ್ನೇ ಗದರಿಸಿ ಒಪ್ಪಿಸುತ್ತಾನೆ. ಸತ್ಯ ಹೇಳಿದ ಪ್ರಯರ್ ಸಂಗಾತಿಯನ್ನು ಕಳೆದುಕೊಂಡ. ಸುಳ್ಳು ಹೇಳಿದ ಕೋನ್ ತನ್ನ ಪ್ರತಿಷ್ಠೆಯನ್ನು ಕೆಲವು ಕಾಲ ಉಳಿಸಿಕೊಂಡ. ರಕ್ತ ನೋಡಿ ಆರಿಸುವ ನಿಯಮ ಮಾಡುವುದು ಇದನ್ನೇ. ಪರೀಕ್ಷೆ ಮಾಡಿಸಿ, ಔಷಧ ತಿಂದು, ಬಾಯಿಬಿಟ್ಟು ಹೇಳಿದವನನ್ನು ಹೊರಗಿಡುತ್ತದೆ. ಪರೀಕ್ಷೆಗೇ ಹೋಗದವನನ್ನು ಬರಮಾಡಿಕೊಳ್ಳುತ್ತದೆ. ಹೇಳಿದವನಿಗೇ ದಂಡ ವಿಧಿಸುವ ಸಮಾಜದಲ್ಲಿ ಹೇಳುವವರು ಹೇಗೆ ಹೆಚ್ಚಿಯಾರು?

ಇದು ದೂರದ ನ್ಯೂಯಾರ್ಕಿನ ಮಾತೆಂದು ನಾವು ನಿರಾಳವಾಗಿರುವಂತಿಲ್ಲ. ನಮ್ಮ ಸುಪ್ರೀಂ ಕೋರ್ಟು 1998ರಲ್ಲಿ, ಸೋಂಕಿತನ ಮದುವೆಯ ಹಕ್ಕು ಅವನು ಗುಣವಾಗುವವರೆಗೆ ಅಮಾನತಿನಲ್ಲಿರುತ್ತದೆ ಎಂದಿತ್ತು. ಆ ಮಾತಿಗೆ ಅಗತ್ಯವಿರಲಿಲ್ಲವೆಂದು 2002ರಲ್ಲಿ ಅದೇ ನ್ಯಾಯಾಲಯ ಹೇಳಿತು. 2017ರ ಕಾಯಿದೆ ಸೋಂಕಿತರ ವಿರುದ್ಧ ತಾರತಮ್ಯವನ್ನು ನಿಷೇಧಿಸಿ, ಸೋಂಕನ್ನು ಇತರರಿಗೆ ದಾಟಿಸದಂತೆ ಎಚ್ಚರ ವಹಿಸುವ ಹೊಣೆಯನ್ನೂ ಅವರ ಮೇಲಿಟ್ಟಿದೆ. ಈ ಹೊಣೆ ಸರಿಯಾದುದೇ. ತಿಳಿದವನು ಮುಚ್ಚಿಟ್ಟು ಇನ್ನೊಬ್ಬನನ್ನು ಅಪಾಯಕ್ಕೆ ಒಡ್ಡಿದರೆ ಅದು ವಂಚನೆ. ಆದರೆ ತಿಳಿದುಕೊಳ್ಳಲು ಒಲ್ಲದವನ ಹೊಣೆಯನ್ನು ಈ ಕಾಯಿದೆ ಹೇಳುವುದಿಲ್ಲ. ಅದು ಅವನವನ ಅಂತಃಕರಣಕ್ಕೆ ಬಿಟ್ಟದ್ದು. ಜಾತಕ ಕೂಡಿಸುವ ನಮ್ಮ ಮನೆಗಳಲ್ಲಿ ವಧೂವರರಿಬ್ಬರೂ ಜೊತೆಯಾಗಿ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡು ಬರುವುದು ಇನ್ನೂ ಸಂಕೋಚದ ಮಾತಾಗಿಯೇ ಇದೆ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಲೂಯಿಸನಿಗೆ ಮಾತು ಅತಿಯಾಯಿತು. ಅವನ ರಾಜಕೀಯ ಭಾಷಣಗಳು ಅವನ ಅಪರಾಧವನ್ನು ತಿಳಿಸುವ ಬದಲು ತೇಲಿಸಿಬಿಡುತ್ತವೆ. ಅವನನ್ನು ಹಳಿದು ನಾವು ಒಳ್ಳೆಯವರಾಗುವುದೂ ತೀರ ಸುಲಭವಾಗುತ್ತದೆ.

ಆದರೆ ಕೊನೆಯಲ್ಲಿ ಕುಶ್ನರ್ ಎಲ್ಲವನ್ನೂ ಸರಿದೂಗಿಸುತ್ತಾರೆ. ಲೂಯಿಸ್ ಪಶ್ಚಾತ್ತಾಪದಿಂದ ಹಿಂದಿರುಗಿ, ಮತ್ತೆ ಸೇರಿಸಿಕೋ ಎಂದು ಬೇಡುತ್ತಾನೆ. ಪ್ರಯರ್ ಅವನನ್ನು ಪ್ರೀತಿಸುತ್ತೇನೆನ್ನುತ್ತಾನೆ; ಆದರೂ ಇನ್ನೆಂದಿಗೂ ಮರಳಿ ಬರಲಾರೆ ಎಂದು ನಿರಾಕರಿಸುತ್ತಾನೆ. ಆರಿಸುವ ಹಕ್ಕು ಆರೋಗ್ಯವಂತರದೇ ಎಂದುಕೊಂಡಿದ್ದ ನಾವು ಇಲ್ಲಿ ತಡೆದು ನಿಲ್ಲುತ್ತೇವೆ. ಸೋಂಕಿತನೂ ಆರಿಸುತ್ತಾನೆ. ಅವನು ನೋಡಿದ್ದು ರಕ್ತವನ್ನಲ್ಲ, ನಡತೆಯನ್ನು. 1990ರಲ್ಲಿ ನಡೆಯುವ ಕೊನೆಯ ದೃಶ್ಯದಲ್ಲಿ ಬೆಥೆಸ್ಡಾ ಕಾರಂಜಿಯ ಬಳಿ ಪ್ರಯರ್ ಇನ್ನೂ ಬದುಕಿದ್ದಾನೆ. ಲೂಯಿಸನೂ ಅಲ್ಲಿದ್ದಾನೆ, ಗೆಳೆಯನಾಗಿ. ಅದಕ್ಕಿಂತ ಹೆಚ್ಚಿನ ಜಾಗವನ್ನು ಪ್ರಯರ್ ಅವನಿಗೆ ಕೊಡಲಿಲ್ಲ. ಕೊಡಬೇಕಾಗಿತ್ತೆಂದು ನನಗೂ ಅನಿಸಲಿಲ್ಲ.