ನಿರಪರಾಧಿಯ ಓಟ, ತೀರದ ಲೆಕ್ಕ
‘ದ ಫ್ಯುಜಿಟಿವ್’ ಚಲನಚಿತ್ರದ ಒಂದು ನೈತಿಕ ಪರಾಮರ್ಶೆ

ಸಾಹಸಪ್ರಧಾನ ಚಲನಚಿತ್ರಗಳಲ್ಲಿ ಮಿಥ್ಯಾರೋಪಕ್ಕೆ ಗುರಿಯಾದ ನಾಯಕನ ಕಥೆಗೆ ಒಂದು ನಿಶ್ಚಿತ ಮುಕ್ತಾಯವಿದೆ. ನಿಜವಾದ ಅಪರಾಧಿ ಸಿಕ್ಕಿಬೀಳುತ್ತಾನೆ, ನಾಯಕನ ಕೈಯ ಬೇಡಿ ಕಳಚುತ್ತದೆ, ಕಥೆ ಮುಗಿಯುತ್ತದೆ. ಬೇಡಿ ಕಳಚಿದ ಮರುದಿನ ಆತನ ಗತಿಯೇನಾಯಿತೆಂದು ಚಿತ್ರ ಹೇಳುವುದಿಲ್ಲ, ಪ್ರೇಕ್ಷಕನೂ ಕೇಳುವುದಿಲ್ಲ. ಆಂಡ್ರ್ಯೂ ಡೇವಿಸ್ ನಿರ್ದೇಶಿಸಿ 1993ರಲ್ಲಿ ತೆರೆಕಂಡ ಅಮೆರಿಕದ ‘ದ ಫ್ಯುಜಿಟಿವ್’ ಈ ಜಾತಿಯ ಚಿತ್ರಗಳಲ್ಲಿ ಶ್ರದ್ಧೆಯಿಂದ ಕಟ್ಟಿದ ಕೃತಿ. ಆ ಮರುದಿನದ ಪ್ರಶ್ನೆಯನ್ನು ಕೇಳುವುದಾದರೆ ಇಂತಹ ಕೃತಿಯನ್ನೇ ಕೇಳಬೇಕು. ದುರ್ಬಲ ಚಿತ್ರವೊಂದನ್ನು ಈ ಪ್ರಶ್ನೆಯಿಂದ ಸೋಲಿಸುವುದರಿಂದ ಯಾವ ಪ್ರಯೋಜನವೂ ಇಲ್ಲ.

ಕಥೆ ಬಹುಮಂದಿಗೆ ಪರಿಚಿತವಾದುದು. ಶಿಕಾಗೊ ನಗರದ ಹೆಸರಾಂತ ಶಸ್ತ್ರವೈದ್ಯ ರಿಚರ್ಡ್ ಕಿಂಬಲ್‌ನ ಪತ್ನಿ ಮನೆಯಲ್ಲೇ ಕೊಲೆಯಾಗುತ್ತಾಳೆ. ಕೃತಕ ತೋಳಿನ ವ್ಯಕ್ತಿಯೊಬ್ಬನೊಡನೆ ತಾನು ಹೋರಾಡಿದೆನೆಂಬ ಆತನ ಮಾತನ್ನು ಯಾರೂ ನಂಬುವುದಿಲ್ಲ. ಪತ್ನಿಯ ವಿಮಾಹಣ, ಸಾಯುವ ಮುನ್ನ ಆಕೆ ದೂರವಾಣಿಯಲ್ಲಿ ಆಡಿದ ತುಂಡುಮಾತು ಇವೇ ಸಾಕ್ಷ್ಯವಾಗಿ ನಿಂತು ಆತನಿಗೆ ಮರಣದಂಡನೆಯಾಗುತ್ತದೆ. ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಇತರ ಕೈದಿಗಳು ದಂಗೆಯೇಳುತ್ತಾರೆ, ಬಸ್ಸು ರೈಲುಹಳಿಯ ಮೇಲೆ ಉರುಳುತ್ತದೆ, ಕಿಂಬಲ್ ಪಾರಾಗುತ್ತಾನೆ. ಮುಂದಿನದು ಎರಡು ಓಟಗಳ ಕಥೆ. ಕೊಲೆಗಾರನನ್ನು ಅರಸಿ ವೈದ್ಯ ಓಡುತ್ತಾನೆ. ವೈದ್ಯನನ್ನು ಅರಸಿ ಕೇಂದ್ರ ಸರ್ಕಾರದ ಮಾರ್ಷಲ್ ಜೆರಾರ್ಡ್ ಓಡುತ್ತಾನೆ. ಹ್ಯಾರಿಸನ್ ಫೋರ್ಡ್ ಕಿಂಬಲ್‌ನಾಗಿ ತೋರುವ ಸಂಯಮ ಗಮನಾರ್ಹ. ಜೆರಾರ್ಡ್ ಪಾತ್ರಧಾರಿ ಟಾಮಿ ಲೀ ಜೋನ್ಸ್‌ಗೆ ಅತ್ಯುತ್ತಮ ಪೋಷಕ ನಟನೆಂಬ ಆಸ್ಕರ್ ಪ್ರಶಸ್ತಿ ದೊರೆತದ್ದು ನ್ಯಾಯವೇ.

ಈ ಚಿತ್ರದ ನೈತಿಕ ಎಚ್ಚರವನ್ನು ಮೊದಲು ಮನ್ನಿಸಬೇಕು. ರೈಲು ಬಂದು ಅಪ್ಪಳಿಸುವ ಕ್ಷಣದಲ್ಲಿ ಕಿಂಬಲ್ ತನ್ನ ಪ್ರಾಣವನ್ನಷ್ಟೇ ಉಳಿಸಿಕೊಳ್ಳುವುದಿಲ್ಲ. ಗಾಯಗೊಂಡ ಕಾವಲುಗಾರನನ್ನು ಹೊರಗೆಳೆಯುತ್ತಾನೆ. ಆಸ್ಪತ್ರೆಯಲ್ಲಿ ಜಾಡಮಾಲಿಯ ವೇಷದಲ್ಲಿ ಮರೆಯಾಗಿರುವಾಗ ಬಾಲಕನೊಬ್ಬನ ರೋಗನಿರ್ಣಯ ತಪ್ಪಿದೆಯೆಂದು ಕಂಡು, ಸಿಕ್ಕಿಬೀಳುವ ಅಪಾಯವನ್ನು ಲೆಕ್ಕಿಸದೆ ಆತನನ್ನು ಶಸ್ತ್ರಚಿಕಿತ್ಸೆಗೆ ಕಳುಹಿಸುತ್ತಾನೆ. ತನ್ನ ಪತ್ನಿಯ ಕೊಲೆಗಾರ ಕೈಗೆ ಸಿಕ್ಕಾಗ ಆತನನ್ನು ಕೊಲ್ಲುವುದಿಲ್ಲ. ರೈಲಿನ ಕಂಬಕ್ಕೆ ಬೇಡಿ ಹಾಕಿ ಬಿಡುತ್ತಾನೆ. ಸೇಡನ್ನೇ ನ್ಯಾಯವೆಂದು ತೋರಿಸುವ ಅಸಂಖ್ಯ ಚಿತ್ರಗಳ ನಡುವೆ ಇದು ಅಲ್ಪಸಂಗತಿಯಲ್ಲ.

ಆದರೆ ಈ ಎಚ್ಚರವೇ ಮತ್ತೊಂದು ಕೆಲಸವನ್ನೂ ಮಾಡುತ್ತದೆ. ನಾಯಕನ ಸತ್ಕಾರ್ಯಗಳ ಬೆಳಕಿನಲ್ಲಿ ಆತನ ಇತರ ಕೃತ್ಯಗಳು ಕಣ್ಣಿಗೆ ಬೀಳದೆ ಹೋಗುತ್ತವೆ. ಕಿಂಬಲ್ ರೋಗಿಯೊಬ್ಬನ ಉಡುಪನ್ನು ತೆಗೆದುಕೊಳ್ಳುತ್ತಾನೆ, ಆಂಬ್ಯುಲೆನ್ಸ್ ಕದ್ದೊಯ್ಯುತ್ತಾನೆ, ನಕಲಿ ಗುರುತುಚೀಟಿ ಮಾಡಿಕೊಂಡು ಆಸ್ಪತ್ರೆಯ ದಾಖಲೆಗಳನ್ನು ನೋಡುತ್ತಾನೆ, ಪರರ ಮನೆಗೆ ನುಗ್ಗುತ್ತಾನೆ. ಬಾಲಕನ ಪ್ರಾಣ ಉಳಿಸಿದ ಕಾರ್ಯವೂ ಅಧಿಕಾರವಿಲ್ಲದವನೊಬ್ಬ ಚಿಕಿತ್ಸಾಪತ್ರವನ್ನು ತಿದ್ದಿದ ಕಾರ್ಯವೇ. ಇವುಗಳಲ್ಲಿ ಯಾವುದನ್ನೂ ಚಿತ್ರ ಮರೆಮಾಚುವುದಿಲ್ಲ. ಆದರೆ ಆತ ಪತ್ನಿಯನ್ನು ಕೊಂದಿಲ್ಲವೆಂಬ ಒಂದೇ ಸತ್ಯದಿಂದ ಇವೆಲ್ಲವೂ ತೊಳೆದುಹೋದವೆಂಬ ಭಾವನೆಯನ್ನು ಅದು ಪ್ರೇಕ್ಷಕನಲ್ಲಿ ಸದ್ದಿಲ್ಲದೆ ಬಿತ್ತುತ್ತದೆ.

ಕಾನೂನು ಹಾಗೆ ಎಣಿಸುವುದಿಲ್ಲ. ಮೊದಲನೆಯದಾಗಿ, ಅಂತಿಮ ದೃಶ್ಯದಲ್ಲಿ ಬೇಡಿ ಬಿಚ್ಚುವ ಜೆರಾರ್ಡ್ ಕೇಂದ್ರ ಸರ್ಕಾರದ ಅಧಿಕಾರಿ. ಶಿಕ್ಷೆ ವಿಧಿಸಿದ್ದು ಇಲಿನಾಯ್ ರಾಜ್ಯದ ನ್ಯಾಯಾಲಯ. ಮಾರ್ಷಲನ ಮನಸ್ಸು ಎಷ್ಟು ಕರಗಿದರೂ ಆ ತೀರ್ಪು ಅಳಿಯುವುದಿಲ್ಲ. ನ್ಯಾಯಾಲಯ ತನ್ನ ತೀರ್ಪನ್ನು ರದ್ದುಗೊಳಿಸಬೇಕು ಅಥವಾ ರಾಜ್ಯಪಾಲರು ಕ್ಷಮಾದಾನ ನೀಡಬೇಕು. ಅಲ್ಲಿಯವರೆಗೆ ಕಿಂಬಲ್ ಕಾಗದದ ಮೇಲೆ ಮರಣದಂಡನೆಗೆ ಗುರಿಯಾದ ಕೈದಿಯೇ. ಚಿತ್ರ ಮುಗಿದ ರಾತ್ರಿ ಆತ ಮಲಗಬೇಕಾದ ಸ್ಥಳ ಬಹುಶಃ ಮನೆಯಲ್ಲ, ಬಂದೀಖಾನೆ.

ಎರಡನೆಯದು, ತಪ್ಪಿಸಿಕೊಂಡ ಅಪರಾಧ. ಕಾನೂನುಬದ್ಧ ಬಂಧನದಿಂದ ಓಡಿಹೋಗುವುದು ಸ್ವತಂತ್ರವಾದ ಅಪರಾಧ. ಬಂಧನಕ್ಕೆ ಕಾರಣವಾದ ಆರೋಪ ಮುಂದೆ ಸುಳ್ಳೆಂದು ಸಿದ್ಧವಾದ ಮಾತ್ರಕ್ಕೆ ಅದು ತಾನಾಗಿ ಅಳಿಯುವುದಿಲ್ಲ. ಭಾರತದ ದಂಡಸಂಹಿತೆಯೂ ಇದನ್ನು ಪ್ರತ್ಯೇಕ ಅಪರಾಧವೆಂದೇ ಎಣಿಸಿತ್ತು; 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯೂ ಹಾಗೆಯೇ ಎಣಿಸುತ್ತದೆ. ಆದರೆ ಕಾನೂನು ಇಲ್ಲಿ ಕುರುಡಲ್ಲ. 1977ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಸಹಕೈದಿಗಳಿಂದ ಪ್ರಾಣಭಯಕ್ಕೊಳಗಾಗಿ ಓಡಿಹೋದ ಕೈದಿಯೊಬ್ಬನ ಪ್ರಕರಣದಲ್ಲಿ, ಅನಿವಾರ್ಯತೆಯ ವಾದವನ್ನು ಜ್ಯೂರಿಯ ಮುಂದಿಡಲು ಅವಕಾಶ ನೀಡಬೇಕೆಂದು ತೀರ್ಮಾನಿಸಿತು. 1980ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಕೇಂದ್ರ ಕಾನೂನಿನಡಿಯ ಪ್ರಕರಣವೊಂದರಲ್ಲಿ, ಈ ವಾದಕ್ಕೆ ಒಂದು ಮೇರೆಯನ್ನು ಹಾಕಿತು: ಓಡಲು ಕಾರಣವಾದ ಒತ್ತಡ ಕಳೆದೊಡನೆ ಶರಣಾಗಲು ಪ್ರಾಮಾಣಿಕ ಪ್ರಯತ್ನ ಮಾಡಿದ್ದನ್ನು ಓಡಿದವನು ತೋರಿಸಬೇಕು.

ಈ ಅಳತೆಗೋಲನ್ನು ಕಿಂಬಲ್‌ಗೆ ಹಿಡಿದರೆ ಆತನ ಓಟ ಎರಡು ತುಂಡಾಗುತ್ತದೆ. ಉರುಳಿದ ಬಸ್ಸಿನಿಂದ, ಬರುತ್ತಿರುವ ರೈಲಿನಿಂದ ಓಡಿದ ಓಟ ಅನಿವಾರ್ಯ. ಅದನ್ನು ಯಾವ ನ್ಯಾಯಾಧೀಶನೂ ದೂಷಿಸಲಾರ. ಆದರೆ ರೈಲು ಹಾದುಹೋದ ಮೇಲೆ ಆತ ಮರಳಿ ಶರಣಾಗಲಿಲ್ಲ. ಕಾಡು, ಅಣೆಕಟ್ಟು, ನಗರಗಳನ್ನು ದಾಟಿ ಓಡುತ್ತಲೇ ಹೋದ. ಆ ಎರಡನೆಯ ಓಟಕ್ಕೆ ಆತನಲ್ಲಿರುವ ಸಮರ್ಥನೆ ಒಂದೇ: ವ್ಯವಸ್ಥೆ ತನ್ನನ್ನು ಕೊಲ್ಲಲಿದೆ. ಈ ಸಮರ್ಥನೆಯನ್ನು ನ್ಯಾಯಾಲಯಗಳು ಒಪ್ಪುವುದು ಕಷ್ಟ. ಒಪ್ಪಿದರೆ ತಾನು ನಿರಪರಾಧಿಯೆಂದು ನಂಬಿದ, ಅಥವಾ ನಂಬಿಸಬಲ್ಲ, ಪ್ರತಿಯೊಬ್ಬ ಕೈದಿಗೂ ಸೆರೆಮನೆಯ ಬಾಗಿಲು ತೆರೆದುಕೊಡಬೇಕಾಗುತ್ತದೆ. ಕೊಲೆಗಾರನೊಡನೆ ಕೈಮಿಲಾಯಿಸಿ ಹೋರಾಡಿದ್ದಕ್ಕೆ ಆತ್ಮರಕ್ಷಣೆಯ ಹಕ್ಕು ಆತನ ಬೆನ್ನಿಗಿದೆ. ಉಳಿದ ಕೃತ್ಯಗಳಿಗೆ ಅದೂ ಇಲ್ಲ. ವಾಸ್ತವದಲ್ಲಿ ಇಂತಹ ವ್ಯಕ್ತಿಯ ಮೇಲೆ ಯಾವ ಸರ್ಕಾರಿ ವಕೀಲನೂ ಆಂಬ್ಯುಲೆನ್ಸ್ ಕಳವಿನ ಮೊಕದ್ದಮೆ ಹೂಡಲು ಮುಂದಾಗಲಾರ ಎಂಬುದು ನಿಜ. ಆದರೆ ಅದು ಅಧಿಕಾರಿಯ ವಿವೇಚನೆ, ಆರೋಪಿಯ ಹಕ್ಕಲ್ಲ. ದಯೆಯಿಂದ ಬಿಟ್ಟದ್ದಕ್ಕೂ ತಪ್ಪಿಲ್ಲವೆಂದು ತೀರ್ಮಾನಿಸಿದ್ದಕ್ಕೂ ಇರುವ ಅಂತರವನ್ನು ಚಿತ್ರ ಅಳಿಸಿಹಾಕುತ್ತದೆ.

ಓಡದೇ ಇದ್ದವನ ಗತಿಯೇನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಈ ಚಿತ್ರಕ್ಕೆ ಮೂಲ 1963ರಿಂದ 1967ರವರೆಗೆ ಅದೇ ಹೆಸರಿನಲ್ಲಿ ಪ್ರಸಾರವಾದ ದೂರದರ್ಶನ ಧಾರಾವಾಹಿ. ಅದರ ಕಥೆ ಓಹಾಯೊ ರಾಜ್ಯದ ವೈದ್ಯ ಸ್ಯಾಮ್ ಶೆಪರ್ಡ್‌ನ ಪ್ರಕರಣದಿಂದ ಹುಟ್ಟಿತೆಂದು ಜನ ನಂಬಿದರು. ಧಾರಾವಾಹಿಯ ಕರ್ತೃ ರಾಯ್ ಹಗಿನ್ಸ್ ಅದನ್ನು ನಿರಾಕರಿಸಿದರು. ನಂಟು ಇರಲಿ ಬಿಡಲಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

1954ರ ಜುಲೈ 4ರಂದು ಶೆಪರ್ಡ್‌ನ ಗರ್ಭಿಣಿ ಪತ್ನಿ ಮನೆಯಲ್ಲಿ ಕೊಲೆಯಾದಳು. ಅಪರಿಚಿತನೊಬ್ಬ ಮನೆಗೆ ನುಗ್ಗಿದ್ದನೆಂದು ಆತ ಹೇಳಿದ. ಪತ್ರಿಕೆಗಳು ವಿಚಾರಣೆಗೆ ಮೊದಲೇ ತೀರ್ಪು ಬರೆದವು. ಮರಣದ ವಿಚಾರಣೆ ಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ ನೆರೆದ ಜನರ ನಡುವೆ ನಡೆಯಿತು. ನ್ಯಾಯಾಲಯದಲ್ಲಿ ವರದಿಗಾರರ ಮೇಜು ವಕೀಲರ ಆವರಣದೊಳಗೇ ಬಂದು ಕುಳಿತಿತು. ಅದೇ ಡಿಸೆಂಬರಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮರುತಿಂಗಳು ತಾಯಿ ಆತ್ಮಹತ್ಯೆ ಮಾಡಿಕೊಂಡಳು. ಕೆಲವೇ ದಿನಗಳಲ್ಲಿ ತಂದೆಯೂ ಅನಾರೋಗ್ಯದಿಂದ ತೀರಿಕೊಂಡ. ಶೆಪರ್ಡ್ ಓಡಲಿಲ್ಲ, ಅರ್ಜಿ ಹಾಕುತ್ತ ಕುಳಿತ. 1956ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆತನ ಅರ್ಜಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. 1964ರಲ್ಲಿ, ಹತ್ತು ವರ್ಷಗಳ ಸೆರೆವಾಸದ ಬಳಿಕ, ಬಿಡುಗಡೆ ದೊರೆಯಿತು. 1966ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ಪ್ರಚಾರದ ಅಬ್ಬರದಿಂದ ಆರೋಪಿಯನ್ನು ರಕ್ಷಿಸಲು ವಿಚಾರಣಾ ನ್ಯಾಯಾಧೀಶ ವಿಫಲನಾದನೆಂದು ತೀರ್ಪಿತ್ತಿತು. ಅದೇ ವರ್ಷದ ನವೆಂಬರಿನಲ್ಲಿ ನಡೆದ ಮರುವಿಚಾರಣೆಯಲ್ಲಿ ಜ್ಯೂರಿ ಆತನನ್ನು ಖುಲಾಸೆ ಮಾಡಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಶೆಪರ್ಡ್ ಮರಳಿ ವೈದ್ಯವೃತ್ತಿ ಹಿಡಿದರೂ ಅದು ಕೈಹತ್ತಲಿಲ್ಲ; ಜೀವನದ ಕೊನೆಯಲ್ಲಿ ಕುಸ್ತಿಯ ಅಖಾಡಕ್ಕಿಳಿದ. 1970ರಲ್ಲಿ, 46ನೆಯ ವಯಸ್ಸಿನಲ್ಲಿ, ತೀರಿಕೊಂಡ. ತಂದೆ ಅನ್ಯಾಯವಾಗಿ ಸೆರೆವಾಸ ಅನುಭವಿಸಿದನೆಂದು ಘೋಷಿಸಬೇಕೆಂದು ಮಗ ಹೂಡಿದ ದಾವೆಯನ್ನು 2000ದಲ್ಲಿ ಕ್ಲೀವ್‌ಲ್ಯಾಂಡಿನ ಜ್ಯೂರಿ ಒಪ್ಪಲಿಲ್ಲ. ಖುಲಾಸೆಯೆಂದರೆ ಅಪರಾಧ ಸಿದ್ಧವಾಗಲಿಲ್ಲ ಎಂದಷ್ಟೇ ಅರ್ಥ. ನಿರಪರಾಧಿತ್ವವನ್ನು ಸಿದ್ಧಪಡಿಸುವ ಹೊಣೆ ದಾವೆ ಹೂಡಿದವನ ಮೇಲೆಯೇ ಬೀಳುತ್ತದೆ. ಕಿಂಬಲ್ ಕೆಲವೇ ದಿನಗಳಲ್ಲಿ ಪಡೆದದ್ದನ್ನು ಶೆಪರ್ಡ್‌ನ ಕುಟುಂಬ ನಲವತ್ತಾರು ವರ್ಷ ಕಾದರೂ ಪಡೆಯಲಿಲ್ಲ.

ಹಾಗಾದರೆ ಓಡಿದವನೇ ಜಾಣನೆಂದು ಚಿತ್ರ ಹೇಳುವುದು ಸರಿಯಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಇಲಿನಾಯ್ ರಾಜ್ಯದಲ್ಲಿ ಮರಣದಂಡನೆ ಮರಳಿ ಜಾರಿಯಾದ 1977ರಿಂದ 2000ದ ಆರಂಭದವರೆಗೆ ಗಲ್ಲಿಗೆ ಗುರಿಯಾದವರಲ್ಲಿ 12 ಮಂದಿಯ ಶಿಕ್ಷೆ ಜಾರಿಯಾಗಿದ್ದರೆ, 13 ಮಂದಿ ದೋಷಮುಕ್ತರಾಗಿ ಹೊರಬಂದಿದ್ದರು. ಇದನ್ನು ಕಂಡ ರಾಜ್ಯಪಾಲ ಜಾರ್ಜ್ ರಯಾನ್ ಆ ವರ್ಷ ಮರಣದಂಡನೆಯನ್ನು ತಡೆಹಿಡಿದರು, 2003ರಲ್ಲಿ ಉಳಿದವರ ಮರಣದಂಡನೆಯನ್ನೂ ತೆಗೆದುಹಾಕಿದರು. 2011ರಲ್ಲಿ ರಾಜ್ಯ ಅದನ್ನೇ ರದ್ದುಗೊಳಿಸಿತು. ಕಿಂಬಲ್‌ನ ಭಯ ಕಲ್ಪಿತವಲ್ಲ. ಆದರೆ ಆ 13 ಮಂದಿ ಬದುಕಿದ್ದು ಅಣೆಕಟ್ಟಿನಿಂದ ಹಾರಿ ಅಲ್ಲ. ಸಾಕ್ಷ್ಯಗಳನ್ನು ಮತ್ತೆ ಮತ್ತೆ ತಿರುವಿಹಾಕಿದವರ ನೆರವಿನಿಂದ, ನ್ಯಾಯಾಲಯದ ಬಾಗಿಲಲ್ಲಿ ವರ್ಷಗಟ್ಟಲೆ ಕಾದು ಬದುಕಿದರು. ಆ ಕಾಯುವಿಕೆಯಲ್ಲಿ ರೋಚಕವಾದುದು ಏನೂ ಇಲ್ಲವಾದ್ದರಿಂದ ಅದು ತೆರೆಗೆ ಬರುವುದಿಲ್ಲ.

ಚಿತ್ರದ ನಿಜವಾದ ಕೊರತೆ ಇಲ್ಲಿದೆ. ಕೊನೆಗೆ ಸಿಕ್ಕಿಬೀಳುವವನು ಔಷಧವೊಂದರ ಪರೀಕ್ಷಾಫಲವನ್ನು ತಿದ್ದಿದ ಸ್ನೇಹಿತ ವೈದ್ಯ. ಆತನ ದ್ರೋಹ ಬಯಲಾದೊಡನೆ ಎಲ್ಲ ಅನ್ಯಾಯವೂ ಆತನ ತಲೆಗೆ ಕಟ್ಟಲ್ಪಡುತ್ತದೆ. ತುಂಡುಮಾತನ್ನು ತಪ್ಪಾಗಿ ಅರ್ಥೈಸಿದ ತನಿಖೆಗಾರರು, ಅದನ್ನು ವಾದಿಸಿದ ಸರ್ಕಾರಿ ವಕೀಲ, ಅದನ್ನು ಒಪ್ಪಿದ ಜ್ಯೂರಿ, ಯಾರನ್ನೂ ಚಿತ್ರ ಮತ್ತೆ ಕರೆದು ಕೇಳುವುದಿಲ್ಲ. ನಾಯಕ ವ್ಯವಸ್ಥೆಗೆ ಒಪ್ಪಿಸಬೇಕಾದ ಲೆಕ್ಕವೂ ಉಳಿಯುತ್ತದೆ. ವ್ಯವಸ್ಥೆ ನಾಯಕನಿಗೆ ಒಪ್ಪಿಸಬೇಕಾದ ಲೆಕ್ಕವೂ ಉಳಿಯುತ್ತದೆ. ಎರಡನ್ನೂ ಒಂದೇ ಬೇಡಿಯೊಡನೆ ಕಳಚಿ ಬಿಸುಡಲಾಗಿದೆ.

ಮನೆಮಂದಿಯೊಡನೆ ಈ ಚಿತ್ರವನ್ನು ನೋಡಿದ ಹಿರಿಯರು, ಮುಗಿದ ಮೇಲೆ ಮಕ್ಕಳನ್ನು ಎರಡು ಪ್ರಶ್ನೆ ಕೇಳಬಹುದು. ಆತ ನಿರಪರಾಧಿಯೆಂಬುದು ನಮಗೆ ಮೊದಲೇ ತಿಳಿದಿತ್ತು. ತಿಳಿದಿರದಿದ್ದರೆ ಆ ಓಟವನ್ನು ನಾವು ಮೆಚ್ಚುತ್ತಿದ್ದೆವೆ? ಮತ್ತು ಪತ್ರಿಕೆಯಲ್ಲಿ ಆರೋಪಿಯೊಬ್ಬನ ಭಾವಚಿತ್ರ ಕಂಡ ದಿನ ನಾವು ಯಾರ ಪಕ್ಕದಲ್ಲಿ ನಿಲ್ಲುತ್ತೇವೆ: ಕಾದು ನೋಡುವವರ ಪಕ್ಕದಲ್ಲೋ, ವಿಚಾರಣೆಗೆ ಮೊದಲೇ ತೀರ್ಪು ಬರೆಯುವವರ ಪಕ್ಕದಲ್ಲೋ?