ಹೆಸರು ಹುಳುವಿನದು, ಕೆಲಸ ನೀರಿನದು

ಅಲಂಕಾರಿಕ ಮೀನುಗಳನ್ನು ಮೊಟ್ಟೆ ಇಡುವ ಸ್ಥಿತಿಗೆ ತರುವ ಪೂರ್ವಸಿದ್ಧತೆಯನ್ನು ಸಾಕಣೆದಾರರು ಕಂಡೀಷನಿಂಗ್ ಎನ್ನುತ್ತಾರೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಮನೆತೊಟ್ಟಿಗಳಲ್ಲಿ ಏಂಜೆಲ್, ಗೋಲ್ಡ್ ಫಿಶ್ ಸಾಕುವ ಹವ್ಯಾಸಿಗಳ ನಡುವೆ ಈ ಸಿದ್ಧತೆಯ ಕೀರ್ತಿಯೆಲ್ಲ ಟ್ಯೂಬಿಫೆಕ್ಸ್ ಎಂಬ ಕೆಂಪು ಹುಳುವಿನ ಪಾಲಾಗಿದೆ. ಮೀನು ಮೊಟ್ಟೆ ಇಟ್ಟರೆ ಅದು ಹುಳುವಿನ ಮಹಿಮೆ. ಮೇವು ಬಿಟ್ಟರೆ ಹಾಕಿದ ಹುಳು ಸಾಲದು ಎಂಬ ತೀರ್ಮಾನ. ಈ ಕೀರ್ತಿ ಅರ್ಹತೆಯನ್ನು ಮೀರಿದ್ದು.

ಹುಳುವಿಗೆ ಗುಣವಿಲ್ಲವೆಂದಲ್ಲ. ಅದರ ಒಣತೂಕದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನ್ ಇರುತ್ತದೆ, ಮಿಸುಕಾಡುವ ಮೇವನ್ನು ಕಂಡರೆ ಮೀನು ಬೇಗ ಬಾಯಿ ಹಾಕುತ್ತದೆ. ಆದರೆ ಮೊಟ್ಟೆಯ ಭಂಡಾರಕ್ಕೆ ಬೇಕಾದ ಪ್ರೋಟೀನು ಹೆಣ್ಣುಮೀನಿನ ಯಕೃತ್ತಿನಲ್ಲಿ ತಯಾರಾಗಿ, ರಕ್ತದ ಮೂಲಕ ಅಂಡಾಶಯ ಸೇರಿ, ವಾರಗಳ ಅವಧಿಯಲ್ಲಿ ಸಂಗ್ರಹವಾಗುವುದರಿಂದ, ನಾಲ್ಕು ದಿನ ಹೊಟ್ಟೆ ಬಿರಿಯುವಂತೆ ತಿನ್ನಿಸಿ ಆ ಅವಧಿಯನ್ನು ಮೊಟಕುಗೊಳಿಸಲು ಬರುವುದಿಲ್ಲ. ಅತಿಯಾಗಿ ತಿಂದ ಹೆಣ್ಣಿನ ಉದರದಲ್ಲಿ ಕೊಬ್ಬು ತುಂಬಿದರೂ ಮೊಟ್ಟೆ ತುಂಬಿದಂತೆಯೇ ಕಾಣುತ್ತದೆ. ಹುಳುವಿನ ಖ್ಯಾತಿಗೆ ಈ ಕಣ್ಕಟ್ಟಿನ ಕೊಡುಗೆಯೂ ಇದೆ.

ಏಂಜೆಲ್ ಜೋಡಿಯ ತೊಟ್ಟಿಗೆ ಹಾಕಿದ ಹುಳುವಿನ ಉಂಡೆಯನ್ನೇ ನೋಡಬಹುದು. ಮೇಲಿನ ಹುಳುಗಳನ್ನು ಮೀನು ತಿನ್ನುತ್ತದೆ; ಉಳಿದವು ಬಿಡಿಬಿಡಿಯಾಗಿ ಕೆಳಗಿಳಿದು, ಜಲ್ಲಿಯ ಸಂದುಗಳಲ್ಲಿ ಸೇರಿ, ಸತ್ತು, ಕೊಳೆತು ಅಮೋನಿಯಾ ಬಿಡುತ್ತವೆ. ನೀರಿನ ಆಮ್ಲ-ಕ್ಷಾರ ಸ್ವಭಾವವನ್ನು ಸೂಚಿಸುವ ಪಿಎಚ್ 7ರಿಂದ 8ಕ್ಕೆ ಏರಿದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಸುಮಾರು 10 ಪಟ್ಟು ಹೆಚ್ಚುತ್ತದೆ. ಆದ್ದರಿಂದ ಕ್ಷಾರಗುಣದ ಬೋರ್‌ವೆಲ್ ನೀರು ತುಂಬಿದ ತೊಟ್ಟಿಯಲ್ಲಿ ಅಷ್ಟೇ ಕೊಳೆ ಎಷ್ಟೋ ಹೆಚ್ಚಿನ ಹಾನಿ ಮಾಡುತ್ತದೆ. ಕಿವಿರು ನೊಂದ ಮೀನು ಮೇವಿಗೆ ಮುಖ ತಿರುಗಿಸುತ್ತದೆ, ಸಾಕಿದವರು ರುಚಿ ಕೆಟ್ಟಿತೆಂದು ಭಾವಿಸಿ ಇನ್ನಷ್ಟು ಹುಳು ಸುರಿಯುತ್ತಾರೆ. ರೋಗವನ್ನೇ ಔಷಧವೆಂದು ಉಣಿಸುವ ಈ ಕ್ರಮಕ್ಕೆ ಅನುಭವದ ಮಾತು ಎಂಬ ಗೌರವ ಬೇರೆ.

ಇದಕ್ಕೆ ಪ್ರತಿಯಾಗಿ ಹಾರ್ಮೋನ್ ಚುಚ್ಚುಮದ್ದನ್ನು ಎತ್ತಿ ಹಿಡಿಯುವ ಇನ್ನೊಂದು ಪಂಥದ ವಾದ ಹೆಚ್ಚು ವೈಜ್ಞಾನಿಕವಾಗಿ ಕೇಳಿಸಿದರೂ ತರ್ಕದಲ್ಲಿ ಅಷ್ಟೇ ಸಡಿಲ. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಭಾರತೀಯ ಗೆಂಡೆಮೀನುಗಳಲ್ಲಿ ಮೊಟ್ಟೆ ಇಡಿಸಿದ್ದು ಐತಿಹಾಸಿಕ ಸಾಧನೆಯೇ ಸರಿ. ಯಲಹಂಕದಿಂದ ದೂರವಲ್ಲದ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇರುವುದರಿಂದ ಈ ವಿದ್ಯೆ ಇಲ್ಲಿನವರಿಗೆ ಅಪರಿಚಿತವೇನಲ್ಲ. ಆದರೆ ಆ ಚುಚ್ಚುಮದ್ದು ಬಲಿತ ಮೊಟ್ಟೆಯ ಕೊನೆಯ ಹಂತವನ್ನು ಪೂರೈಸಿ ಅದನ್ನು ಹೊರಬಿಡಿಸುತ್ತದೆಯೇ ಹೊರತು ಬಲಿಯದ ಮೊಟ್ಟೆಯನ್ನು ಬಲಿಯಿಸುವುದಿಲ್ಲ. ಕಂಡೀಷನಿಂಗ್ ನಡೆಯದ ಮೀನಿಗೆ ಚುಚ್ಚಿ ಸೋತು ಔಷಧವನ್ನು ದೂರುವವರು, ಮೊದಲ ಪಂಥದವರಂತೆಯೇ, ಸಿದ್ಧತೆಯನ್ನು ಹಾರಿ ಫಲಕ್ಕೆ ಕೈಚಾಚುವವರು.

ಮೇವು ಬಿಡುವುದೆಲ್ಲ ರೋಗವೂ ಅಲ್ಲ. ಮಲಾವಿ ಸರೋವರದ ಸಿಕ್ಲಿಡ್‌ಗಳಲ್ಲಿ ತಾಯಿ ಸುಮಾರು 3 ವಾರ ಮೊಟ್ಟೆ-ಮರಿಗಳನ್ನು ಬಾಯಲ್ಲೇ ಹೊತ್ತು ಹೆಚ್ಚುಕಡಿಮೆ ಉಪವಾಸವಿರುತ್ತದೆ. ಅದರ ಉಬ್ಬಿದ ಗಂಟಲನ್ನು ಗಮನಿಸದೆ ಔಷಧ ಹಾಕುವವರು ಕೈಗೆ ಬಂದ ಸಂತಾನವನ್ನೇ ಕಳೆದುಕೊಳ್ಳಬಹುದು. ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿನ ತಾಪಮಾನ 15 ಡಿಗ್ರಿ ಆಸುಪಾಸಿಗೆ ಇಳಿದಾಗ, ಹೀಟರ್ ಇಲ್ಲದ ತೊಟ್ಟಿಯ ನೀರೂ ತಣಿದು, 27-28 ಡಿಗ್ರಿ ಬಯಸುವ ಏಂಜೆಲ್‌ನ ಜೀರ್ಣಶಕ್ತಿ ಕುಂದುವುದು ಸಹಜ; ತಂಪನ್ನು ಸಹಿಸುವ ಗೋಲ್ಡ್ ಫಿಶ್‌ಗೆ ಅದೇ ಚಳಿ, ಮುಂದೆ ಬರುವ ಬೆಚ್ಚಗಿನ ದಿನಗಳೊಡನೆ ಸೇರಿ, ಸಂತಾನಕ್ಕೆ ಪ್ರಚೋದನೆಯಾಗುತ್ತದೆ.

ಹಾಗಾಗಿ ಪರಿಶೀಲನೆಯ ಕ್ರಮ ತಲೆಕೆಳಗಾಗಬೇಕು. ಮೊದಲು ಅಮೋನಿಯಾ, ಪಿಎಚ್, ತಾಪಮಾನ. ಬಳಿಕ ಮರಿಯ ಹೊಣೆ ಮತ್ತು ಜೊತೆಮೀನಿನ ಕಾಟ. ಅನಂತರ ಬಿಳಿ ದಾರದಂಥ ಮಲವೇ ಮೊದಲಾದ ರೋಗಲಕ್ಷಣ. ಮೇವಿನ ಬದಲಾವಣೆ ಕೊನೆಗೆ. ಕ್ಲೋರಿನ್ ನಿವಾರಿಸಿದ ಕಾವೇರಿ ನೀರಿನಿಂದ ವಾರವಾರ ಒಂದಿಷ್ಟು ನೀರು ಬದಲಿಸಿ, ಗಂಡುಹೆಣ್ಣುಗಳನ್ನು ಕೆಲಕಾಲ ಬೇರ್ಪಡಿಸಿ, ಕೆಲವೇ ನಿಮಿಷದಲ್ಲಿ ಮುಗಿಯುವಷ್ಟು ಮೇವನ್ನು ದಿನಕ್ಕೆ ಎರಡು ಮೂರು ಸಲ ಕೊಡುವವರಿಗೆ ಹುಳುವಿಲ್ಲದೆಯೂ ಕೆಲಸ ನಡೆಯುತ್ತದೆ. ಇವನ್ನೆಲ್ಲ ಬಿಟ್ಟವರನ್ನು ಹುಳು ಕಾಯುವುದಿಲ್ಲ.