ಚಿತ್ರದ ಚೌಕಟ್ಟು, ಮಾತಿನ ಮನೆ: ಗಿಲ್ಬರ್ಟನ್ ಚಿತ್ರಕಥೆಗಳು ಮತ್ತು ಸಿರುಮುಗೈಯ ಕನ್ನಡ

ಅಮರ ಚಿತ್ರಕಥೆ ಎಂದೊಡನೆ ಓದುಗರ ನೆನಪಿಗೆ ಬರುವ ಮೊದಲ ಪುಸ್ತಕ 'ಕೃಷ್ಣ'. ಆದರೆ ಆ ಮಾಲಿಕೆಯಲ್ಲಿ 'ಕೃಷ್ಣ'ದ ಕ್ರಮಸಂಖ್ಯೆ 11. ಹಾಗಾದರೆ ಮೊದಲ ಹತ್ತು ಪುಸ್ತಕಗಳು ಯಾವುವು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸಿಂಡರೆಲ್ಲಾ, ಹಿಮಶ್ವೇತೆ ಮತ್ತು ಏಳು ಕುಳ್ಳರು, ಕೆಂಪು ಟೋಪಿಯ ಹುಡುಗಿ, ಮೂರು ಹಂದಿಮರಿಗಳು, ಅಲ್ಲಾವುದ್ದೀನ, ಪಿನೋಕಿಯೋ ಮೊದಲಾದ ಹೊರದೇಶದ ಕಥೆಗಳೇ ಆ ಹತ್ತು. ಇವುಗಳ ಚಿತ್ರಗಳು ಬಂದದ್ದು ಅಮೆರಿಕದ ಗಿಲ್ಬರ್ಟನ್ ಕಂಪನಿಯ ಮಕ್ಕಳ ಮಾಲಿಕೆಯಿಂದ. ಇನ್ನೊಂದು ಸಂಗತಿಯೂ ಇದೆ. ಇವು ಭಾರತದಲ್ಲಿ ಮೊದಲು ಪ್ರಕಟವಾದದ್ದು ಇಂಗ್ಲಿಷಿನಲ್ಲಲ್ಲ, ಹಿಂದಿಯಲ್ಲಲ್ಲ, ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರು ಇಂಡಿಯಾ ಬುಕ್ ಹೌಸ್ ಮೂಲಕ ಇವನ್ನು ಕನ್ನಡಿಸಿ ಹೊರತಂದರು. ಕನ್ನಡದ ಪ್ರತಿಗಳು ಚೆನ್ನಾಗಿ ಮಾರಾಟವಾದ ಬಳಿಕವೇ ಮುಂಬಯಿಯಲ್ಲಿ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷ್ ಮಾಲಿಕೆ ರೂಪುಗೊಂಡಿತು.

ಈ ಹತ್ತು ಪುಸ್ತಕಗಳನ್ನು ಮುಂದಿನ ಸಾಧನೆಯ ಪೀಠಿಕೆ ಎಂದಷ್ಟೇ ಕಂಡು ಬದಿಗಿಡುವುದು ರೂಢಿ. ಅವು ಕನ್ನಡಕ್ಕೆ ಏನನ್ನು ತಂದವು, ಏನನ್ನು ತರದೆ ಹೋದವು ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅಗತ್ಯ. ಕನ್ನಡವನ್ನು ಆಡಿಯೂ ಓದಲಾರದ ಜನ ಇಂದಿಗೂ ಇದ್ದಾರೆ. ಅವರ ಪಾಲಿಗೆ ಇದು ಕೇವಲ ಚರಿತ್ರೆಯ ಪ್ರಶ್ನೆಯಲ್ಲ.

ಗಿಲ್ಬರ್ಟನ್‌ನ ಹಿಂದೆ ಇದ್ದವರು ರಷ್ಯಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದ ಆಲ್ಬರ್ಟ್ ಕ್ಯಾಂಟರ್. ಮಾರಾಟಗಾರರಾಗಿ ದುಡಿದಿದ್ದ ಅವರು 1941ರ ಅಕ್ಟೋಬರಿನಲ್ಲಿ 'ಕ್ಲಾಸಿಕ್ ಕಾಮಿಕ್ಸ್' ಎಂಬ ಹೆಸರಿನಲ್ಲಿ ಡ್ಯೂಮಾನ 'ಮೂವರು ಬಂಟರು' ಕಾದಂಬರಿಯ ಚಿತ್ರರೂಪವನ್ನು ಹೊರತಂದರು. ಮರುವರ್ಷ ಗಿಲ್ಬರ್ಟನ್ ಕಂಪನಿ ಸ್ಥಾಪನೆಯಾಯಿತು. 1947ರಲ್ಲಿ ಮಾಲಿಕೆಯ ಹೆಸರು 'ಕ್ಲಾಸಿಕ್ಸ್ ಇಲಸ್ಟ್ರೇಟೆಡ್' ಎಂದಾಯಿತು. ಐವಾನ್‌ಹೋ, ಮೋಬಿ ಡಿಕ್, ರಾಬಿನ್ಸನ್ ಕ್ರೂಸೋ, ಹ್ಯಾಮ್ಲೆಟ್, ಒಡಿಸ್ಸಿ ಹೀಗೆ 1969ರವರೆಗೆ 169 ಶೀರ್ಷಿಕೆಗಳು ಬಂದವು. 1953ರಲ್ಲಿ ಆರಂಭವಾದ ಮಕ್ಕಳ ಮಾಲಿಕೆ 501ರಿಂದ ಎಣಿಕೆ ಹಿಡಿದು 77 ಶೀರ್ಷಿಕೆಗಳನ್ನು ಕಂಡಿತು.

ಉಳಿದ ಚಿತ್ರಪತ್ರಿಕೆಗಳು ಒಂದು ತಿಂಗಳು ಅಂಗಡಿಯಲ್ಲಿದ್ದು ರದ್ದಿಗೆ ಸೇರುತ್ತಿದ್ದ ಕಾಲವದು. ಗಿಲ್ಬರ್ಟನ್ ತನ್ನ ಹಳೆಯ ಶೀರ್ಷಿಕೆಗಳನ್ನು ಪುಸ್ತಕದಂತೆ ಮತ್ತೆ ಮತ್ತೆ ಅಚ್ಚು ಹಾಕಿತು. ಕಥೆಯ ಕೊನೆಯಲ್ಲಿ ಲೇಖಕರ ಜೀವನ ಪರಿಚಯ ಇರುತ್ತಿತ್ತು. ಮೂಲಕೃತಿಯನ್ನು ಗ್ರಂಥಾಲಯದಲ್ಲಿ ಹುಡುಕಿ ಓದಬೇಕೆಂಬ ಸೂಚನೆಯೂ ಇರುತ್ತಿತ್ತು. ತಾನು ಮೂಲವಲ್ಲ, ಮೂಲದ ಬಾಗಿಲು ಮಾತ್ರ ಎಂದು ಒಪ್ಪಿಕೊಳ್ಳುವ ಈ ವಿನಯ ಜನಪ್ರಿಯ ಪ್ರಕಟಣೆಯಲ್ಲಿ ಅಪರೂಪ. 1954ರಲ್ಲಿ ಚಿತ್ರಪತ್ರಿಕೆಗಳ ವಿರುದ್ಧ ಅಮೆರಿಕದಲ್ಲಿ ಕೂಗೆದ್ದು, ಪ್ರಕಾಶಕರೆಲ್ಲ ಸೇರಿ ಸ್ವಯಂನಿಯಂತ್ರಣದ ಸಂಹಿತೆಯನ್ನು ರಚಿಸಿಕೊಂಡಾಗಲೂ ತನ್ನವು ಸಾಹಿತ್ಯಕೃತಿಗಳೆಂಬ ಕಾರಣ ನೀಡಿ ಗಿಲ್ಬರ್ಟನ್ ಅದರಿಂದ ಹೊರಗುಳಿಯಿತು.

ಈ ಹೆಮ್ಮೆಯೇ ಅದರ ದೌರ್ಬಲ್ಯವೂ ಆಯಿತು. ಆರಂಭದಲ್ಲಿ 64 ಪುಟಗಳಿದ್ದ ಸಂಚಿಕೆಗಳು 1948ರ ವೇಳೆಗೆ 48 ಪುಟಗಳಿಗೆ ಇಳಿದವು. ದೊಡ್ಡ ಕಾದಂಬರಿಯೊಂದನ್ನು ಅಷ್ಟರಲ್ಲಿ ತುಂಬಬೇಕಾದಾಗ ಘಟನೆಗಳು ಉಳಿದು ಮನೋವ್ಯಾಪಾರ ಸೋರಿಹೋಯಿತು. ಮೋಬಿ ಡಿಕ್ ಎಂದರೆ ತಿಮಿಂಗಿಲದ ಬೇಟೆ, ಹ್ಯಾಮ್ಲೆಟ್ ಎಂದರೆ ಕತ್ತಿಕಾಳಗ ಎಂಬಂತಾಯಿತು. ಕೃತಿಗೆ ನಿಷ್ಠರಾಗಿರಬೇಕೆಂಬ ಹಂಬಲದಿಂದ ಸಂಕಲನಕಾರರು ಚೌಕಟ್ಟಿನ ಮೇಲ್ಭಾಗವನ್ನು ನಿರೂಪಣೆಯಿಂದ ತುಂಬಿದರು. ಚಿತ್ರ ಹೇಳಿದ್ದನ್ನೇ ಅಕ್ಷರವೂ ಹೇಳಿತು. ಕುದುರೆ ಓಡುತ್ತಿರುವ ಚಿತ್ರದ ಮೇಲೆ ಕುದುರೆ ಓಡಿತೆಂದು ಬರೆದಂತೆ. ಚಿತ್ರ ಮತ್ತು ಮಾತು ಒಂದರ ಕೊರತೆಯನ್ನು ಇನ್ನೊಂದು ತುಂಬುವಾಗ ಚಿತ್ರಕಥೆ ಕಲೆಯಾಗುತ್ತದೆ. ಇಲ್ಲಿ ಅವು ಒಂದನ್ನೊಂದು ಅನುಕರಿಸಿದವು. ಸಂಸ್ಥೆಗೆ ಇದರ ಅರಿವು ಇರಲಿಲ್ಲವೆಂದಲ್ಲ. 1950ರ ದಶಕದಲ್ಲಿ ಹಳೆಯ ಹಲವು ಶೀರ್ಷಿಕೆಗಳನ್ನು ಹೊಸದಾಗಿ ಬರೆಸಿ, ಸಮರ್ಥ ಕಲಾವಿದರಿಂದ ಮತ್ತೆ ಚಿತ್ರಿಸಿತು. 'ಮೂವರು ಬಂಟರು' ಕೂಡ 1959ರಲ್ಲಿ ಜಾರ್ಜ್ ಇವಾನ್ಸ್ ಅವರ ಕೈಯಲ್ಲಿ ಮರುಹುಟ್ಟು ಪಡೆಯಿತು.

ಮಕ್ಕಳ ಮಾಲಿಕೆಯಲ್ಲಿ ಈ ದೋಷ ಅಷ್ಟಾಗಿ ಬಾಧಿಸುವುದಿಲ್ಲ. ಅಲ್ಲಿನ ಕಥೆಗಳಲ್ಲಿ ಬಹುಪಾಲು ಕಾದಂಬರಿಗಳಲ್ಲ, ಅಜ್ಜಿಯರ ಬಾಯಿಂದ ಬಂದವು. ಮೂರು ಹಂದಿಮರಿಗಳ ಕಥೆಯಲ್ಲಿ ತೋಳ ಒಂದೇ ಬೆದರಿಕೆಯನ್ನು ಮೂರು ಬಾಗಿಲುಗಳಲ್ಲಿ ಒಡ್ಡುತ್ತದೆ. ಕೆಂಪು ಟೋಪಿಯ ಹುಡುಗಿ ಹಾಸಿಗೆಯಲ್ಲಿ ಮಲಗಿದ ತೋಳನಿಗೆ ಒಂದೇ ಬಗೆಯ ಪ್ರಶ್ನೆಯನ್ನು ಅಂಗಾಂಗ ಹೆಸರಿಸಿ ಕೇಳುತ್ತಾಳೆ. ಪುನರುಕ್ತಿಯೇ ಇವುಗಳ ಪ್ರಾಣ. ಚಿತ್ರ ತೋರಿದ್ದನ್ನು ಅಕ್ಷರ ಮತ್ತೊಮ್ಮೆ ಹೇಳಿದರೆ ಇಲ್ಲಿ ನಷ್ಟವಿಲ್ಲ. ಅಕ್ಷರ ಕಲಿಯುತ್ತಿರುವ ಮಗುವಿಗಂತೂ ಲಾಭವೇ. ಪ್ರೌಢ ಓದುಗನಿಗೆ ಅತಿಯೆನಿಸುವುದು ಎಳೆಯ ಓದುಗನಿಗೆ ಊರುಗೋಲು.

1965ರ ಕನ್ನಡ ಪ್ರಯತ್ನದ ಬೆಲೆಯನ್ನು ಈ ಹಿನ್ನೆಲೆಯಲ್ಲಿ ಕಟ್ಟಬೇಕು. ಅದು ಸರಿಯಾದ ಮಾಲಿಕೆಯನ್ನೇ ಆರಿಸಿಕೊಂಡಿತು. 1949ರಿಂದ ಕನ್ನಡದಲ್ಲಿ ಬರುತ್ತಿದ್ದ 'ಚಂದಮಾಮ' ಮಕ್ಕಳಿಗೆ ಚಿತ್ರಸಹಿತ ಕಥೆಯ ರುಚಿ ಹಿಡಿಸಿತ್ತು. ಆದರೆ ಅಲ್ಲಿ ಕಥೆಯನ್ನು ನಡೆಸುತ್ತಿದ್ದುದು ಗದ್ಯ, ಚಿತ್ರ ಅದರ ಅಲಂಕಾರ. ಚೌಕಟ್ಟಿನಿಂದ ಚೌಕಟ್ಟಿಗೆ ಕಥೆ ಸಾಗುವ, ಪಾತ್ರದ ಬಾಯಿಂದಲೇ ಮಾತು ಹೊರಡುವ ರೂಪ ಬೇರೆಯದೇ. ಆ ರೂಪವನ್ನು ಕನ್ನಡ ಲಿಪಿಗೆ ಒಗ್ಗಿಸುವುದು ಸುಲಭದ ಕೆಲಸವಲ್ಲ. ಮಾತಿನ ಗುಳ್ಳೆಗಳು ಇಂಗ್ಲಿಷಿನ ಅಳತೆಗೆ ಬರೆದವು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೂ ಗುಡಿಸು ಸಾಲಿನ ಮೇಲೂ ಜಾಗ ಬೇಡುತ್ತವೆ. ಪ್ರತ್ಯಯಗಳು ಅಂಟಿ ಪದ ಉದ್ದವಾಗುತ್ತದೆ. ಇಂಗ್ಲಿಷಿನ ಮೂರು ಸಾಲಿನ ಜಾಗದಲ್ಲಿ ಕನ್ನಡದ ಎರಡು ಸಾಲು ಹಿಡಿಸಬೇಕಾದಾಗ ಅನುವಾದಕ ಮಾತನ್ನು ಕತ್ತರಿಸಲೇಬೇಕು. ಕತ್ತರಿಸುವಾಗ ಮೊದಲು ಉದುರುವುದು ಕಣೋ, ಕಣೇ, ಅಲ್ವಾ, ಅಯ್ಯೋ ಎಂಬಂಥ ಮಾತಿನ ಬೆಚ್ಚಗಿನ ತುಣುಕುಗಳು. ಉಳಿಯುವುದು ಅರ್ಥ, ಹೋಗುವುದು ದನಿ.

ಇದಕ್ಕಿಂತ ಮುಖ್ಯವಾದ ಆಕ್ಷೇಪ ಕಥೆಗಳ ಆಯ್ಕೆಗೆ ಸಂಬಂಧಿಸಿದ್ದು. ಗಾಜಿನ ಪಾದರಕ್ಷೆಯ ಸಿಂಡರೆಲ್ಲಾಳನ್ನು ಕನ್ನಡದ ಮಕ್ಕಳಿಗೆ ಪರಿಚಯಿಸಿದಾಗ, ಮಣ್ಣಿನ ಮುಖವಾಡ ತೊಟ್ಟು ಮನೆ ಬಿಟ್ಟ 'ಹಂಚಿ' ಕನ್ನಡ ಹೆಂಗಸರ ಬಾಯಲ್ಲಿ ಇದ್ದೇ ಇದ್ದಳು. ಆ ಕಥೆಯನ್ನು ಎ. ಕೆ. ರಾಮಾನುಜನ್ ಕನ್ನಡದ ಸಿಂಡರೆಲ್ಲಾ ಎಂದು ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಹುಲ್ಲು, ಕಡ್ಡಿ, ಇಟ್ಟಿಗೆಯ ಮನೆಗಳ ಹಂದಿಮರಿಗಳಿಗೆ ಮುಂಚೆಯೇ, ಮಳೆಯಲ್ಲಿ ಸಗಣಿ ಮನೆ ಕೊಚ್ಚಿಹೋಗಿ ಗುಬ್ಬಕ್ಕನ ಕಲ್ಲುಮನೆಯ ಬಾಗಿಲು ತಟ್ಟಿದ ಕಾಗಕ್ಕ ಇದ್ದಳು. ಗಿಲ್ಬರ್ಟನ್‌ನಿಂದ ಚೌಕಟ್ಟನ್ನು ಪಡೆದದ್ದು ತಪ್ಪಲ್ಲ. ಚೌಕಟ್ಟಿನೊಳಗಿನದನ್ನು ಬದಲಿಸಬಹುದೆಂದು ಹೊಳೆಯಲು ತಡವಾಯಿತು.

ಬೇರೆ ದೇಶಗಳ ಅನುಭವ ಇಲ್ಲಿ ಬೆಳಕು ನೀಡುತ್ತದೆ. ಬ್ರೆಜಿಲ್‌ನಲ್ಲಿ 1948ರಲ್ಲಿ ಇದೇ ಮಾಲಿಕೆಯ ಪೋರ್ಚುಗೀಸ್ ರೂಪ ಆರಂಭವಾಗಿ, ಇಪ್ಪತ್ತಮೂರು ಸಂಚಿಕೆಗಳ ಬಳಿಕ ಜೋಸೆ ಡಿ ಅಲೆಂಕಾರ್ ಅವರ ಸ್ವದೇಶಿ ಕಾದಂಬರಿಯನ್ನು ಚಿತ್ರಿಸಿತು. ಗ್ರೀಸ್‌ನಲ್ಲಿ 1951ರಲ್ಲಿ ಆರಂಭವಾದ ಮಾಲಿಕೆ ಬೇಗನೆ ಗ್ರೀಕ್ ಪುರಾಣ, ಇತಿಹಾಸಗಳತ್ತ ತಿರುಗಿತು. ಭಾರತದಲ್ಲಿ 1969–70ರ ವೇಳೆಗೆ 'ಕೃಷ್ಣ' ಬಂತು. ಮೂರೂ ಕಡೆ ನಡೆದದ್ದು ಒಂದೇ: ಎರವಲು ಚೌಕಟ್ಟಿನಲ್ಲಿ ಮನೆಯ ಕಥೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ಬ್ರೆಜಿಲ್ ಮತ್ತು ಗ್ರೀಸ್ ತಮ್ಮ ಭಾಷೆಯಲ್ಲೇ ಮುಂದುವರಿದವು. ಇಲ್ಲಿ ಕನ್ನಡದಲ್ಲಿ ಆರಂಭವಾದದ್ದು ಇಂಗ್ಲಿಷಿನಲ್ಲಿ ಬೆಳೆದು, ಕನ್ನಡಕ್ಕೆ ಅನುವಾದವಾಗಿ ಮರಳಿತು. ಮೊದಲ ಹೆಜ್ಜೆ ಇಟ್ಟ ಭಾಷೆ ಮತ್ತೆ ಪಡೆಯುವ ಭಾಷೆಯಾಯಿತು.

ಈ ನಷ್ಟದ ಪೂರ್ಣ ಪ್ರಮಾಣ ಕಾಣುವುದು ಬೆಂಗಳೂರಿನಲ್ಲಲ್ಲ, ಸಿರುಮುಗೈಯಂಥ ಊರಿನಲ್ಲಿ. ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳಯಂ ಸಮೀಪ, ಭವಾನಿ ನದಿಯ ಬದಿಯಲ್ಲಿರುವ ಈ ಊರು ಮೃದು ರೇಷ್ಮೆ ಸೀರೆಗಳಿಗೆ ಹೆಸರಾದದ್ದು. ಇಲ್ಲಿನ ದೇವಾಂಗ ನೇಕಾರರ ಮನೆಮಾತು ಕನ್ನಡ. ಶಾಲೆಯ ಮಾತು, ಅಂಗಡಿಯ ಫಲಕ, ಕೂಲಿಯ ಲೆಕ್ಕ ತಮಿಳು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಇದೇ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಆ ತಾಲ್ಲೂಕು ಮೈಸೂರಿಗೆ ಸೇರಿದ ಮೇಲೆ ಜಿಲ್ಲೆಯಲ್ಲಿ ಉಳಿದ ಕನ್ನಡದ ತೂಕ ಇನ್ನಷ್ಟು ಇಳಿಯಿತು. ಹಾಗಾಗಿ ಇಲ್ಲಿನ ಕನ್ನಡ ಕಿವಿಯಿಂದ ಕಿವಿಗೆ ಸಾಗಿ ಉಳಿದ ಕನ್ನಡ. 1965ರ ಹತ್ತು ಪುಸ್ತಕಗಳಲ್ಲಿ ಒಂದು ಸಿರುಮುಗೈ ಮುಟ್ಟಿದ್ದರೂ ಅಲ್ಲಿನ ಮಗುವಿಗೆ ಚಿತ್ರ ದಕ್ಕುತ್ತಿತ್ತು, ಅಕ್ಷರ ದಕ್ಕುತ್ತಿರಲಿಲ್ಲ. ಆ ಮಗುವಿಗೆ ಓದಲು ಬರುತ್ತಿದ್ದುದು 'ಅಂಬುಲಿಮಾಮ'. 1970ರ ದಶಕದಲ್ಲಿ ಶಿವಕಾಶಿಯಿಂದ ಹೊರಟ ಮುತ್ತು ಕಾಮಿಕ್ಸ್‌ನ 'ಇರುಂಬುಕ್ಕೈ ಮಾಯಾವಿ'ಯೂ ತಮಿಳು ಬಲ್ಲ ಆ ಕಣ್ಣಿಗೆ ತೆರೆದ ಪುಸ್ತಕವೇ.

ಇಂಥ ಮಕ್ಕಳಿಗಾಗಿ ಕನ್ನಡದ ಮಾತನ್ನು ತಮಿಳು ಲಿಪಿಯಲ್ಲಿ ಬರೆದರಾಯಿತು ಎಂಬ ವಾದವಿದೆ. ತಕ್ಷಣದ ಉಪಯೋಗದ ದೃಷ್ಟಿಯಿಂದ ಅದು ಆಕರ್ಷಕ. ಆದರೆ ತಮಿಳು ಲಿಪಿಯಲ್ಲಿ ಕ-ಗ, ಪ-ಬ, ತ-ದಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಬಾಗಿಲು ಎಂದು ಬರೆದದ್ದನ್ನು ಪಾಕಿಲು ಎಂದೂ ಓದಬಹುದು. ಕಥೆ ಬಲ್ಲವನಿಗೆ ಅಡ್ಡಿಯಿಲ್ಲ. ಮುಂದಿನ ತಲೆಮಾರು ಬರಹವನ್ನೇ ನಂಬಿ ಮಾತು ಕಲಿಯಬೇಕಾದಾಗ ಅದು ದಾರಿ ತಪ್ಪಿಸುತ್ತದೆ. ಮೇಲಾಗಿ, ಆ ಓದು ತನ್ನಲ್ಲೇ ಮುಗಿಯುತ್ತದೆ. ಕನ್ನಡದ ಬೇರೊಂದು ಪುಸ್ತಕಕ್ಕೆ ಒಯ್ಯುವುದಿಲ್ಲ. ಮೂಲವನ್ನು ಹುಡುಕಿ ಓದಿ ಎಂಬ ಗಿಲ್ಬರ್ಟನ್‌ನ ಸೂಚನೆಯ ತಿರುಳೇ ಇಲ್ಲಿ ಕಳೆದುಹೋಗುತ್ತದೆ.

ದೋಷವೆಂದು ಎಣಿಸಿದ್ದ ಗಿಲ್ಬರ್ಟನ್ ಗುಣ ಇಲ್ಲಿ ನೆರವಿಗೆ ಬರುತ್ತದೆ. ಅಕ್ಷರ ಅರಿಯದ, ಆದರೆ ಮಾತು ಬಲ್ಲ ಮಗುವಿಗೆ ಚಿತ್ರವೂ ಬರಹವೂ ಒಂದನ್ನೇ ಹೇಳುವ ಪುಟಕ್ಕಿಂತ ಒಳ್ಳೆಯ ಅಕ್ಷರಮಾಲೆ ಇಲ್ಲ. ಕಾಗಕ್ಕ ಬಾಗಿಲು ತಟ್ಟುವ ಚಿತ್ರ ಕಣ್ಣೆದುರಿಗಿದೆ. ಅವಳು ಏನು ಕೇಳುತ್ತಾಳೆ ಎಂಬುದು ಅಜ್ಜಿಯಿಂದ ಕೇಳಿ ಗೊತ್ತಿದೆ. ಗುಳ್ಳೆಯೊಳಗಿನ ಕನ್ನಡ ಅಕ್ಷರಗಳು ಅದನ್ನೇ ಹೇಳುತ್ತಿರಬೇಕೆಂದು ಊಹಿಸಿ ಮಗು ಒಂದೊಂದನ್ನೇ ಬಿಡಿಸುತ್ತದೆ. ಆದರೆ ಇದು ಫಲಿಸಲು ಒಂದು ಷರತ್ತಿದೆ: ಗುಳ್ಳೆಯೊಳಗಿನ ಮಾತು ಮನೆಯ ಮಾತೇ ಆಗಿರಬೇಕು. ಅಲ್ಲಿ ಪಠ್ಯಪುಸ್ತಕದ ಕನ್ನಡವನ್ನು ತುಂಬಿದರೆ ಮಗುವಿನ ಊಹೆ ಸೋಲುತ್ತದೆ. ತನ್ನದು ಕನ್ನಡವೇ ಅಲ್ಲವೇನೋ ಎಂಬ ಅಳುಕು ಬೇರೂರುತ್ತದೆ. ನಿರೂಪಣೆಯ ಪಟ್ಟಿಯಲ್ಲಿ ಗ್ರಂಥಸ್ಥ ಕನ್ನಡ, ಪಾತ್ರದ ಬಾಯಲ್ಲಿ ಸಿರುಮುಗೈಯ ಕನ್ನಡ ಎಂಬ ಹಂಚಿಕೆಗೆ ಚಿತ್ರಕಥೆಯ ರೂಪವೇ ಅವಕಾಶ ಕೊಟ್ಟಿದೆ. ಒಂದೇ ಚೌಕದಲ್ಲಿ ಎರಡು ಕನ್ನಡಗಳು ಅಕ್ಕಪಕ್ಕ ಕೂರಬಲ್ಲ ಬರಹದ ಪ್ರಕಾರಗಳು ಹೆಚ್ಚಿಲ್ಲ.

ವಸ್ತುವಿಗೂ ಕೊರತೆಯಿಲ್ಲ. ವಿಷ್ಣುವಿನ ನಾಭಿಕಮಲದಿಂದ ನೂಲು ತಂದ ದೇವಲ ಮಹರ್ಷಿ, ದಾರಿಯಲ್ಲಿ ಎರಗಿದ ರಾಕ್ಷಸರು, ಕಾಪಾಡಿದ ಚೌಡೇಶ್ವರಿ: ದೇವಾಂಗರ ಈ ಮೂಲಕಥೆಯಲ್ಲಿ ಪಯಣವಿದೆ, ಕಾಳಗವಿದೆ, ಕೊನೆಗೆ ಜಗತ್ತಿಗೆ ಬಟ್ಟೆ ದೊರೆತ ಸಮಾಧಾನವಿದೆ. ಚಿತ್ರಿಸುವ ಕೈಗಳಿಗೂ ಅಭಾವವಿರಲಾರದು. ಜಕಾರ್ಡ್ ಮಗ್ಗಕ್ಕೆ ವಿನ್ಯಾಸ ಸಿದ್ಧಪಡಿಸುವವರು ಹೂವು, ನವಿಲುಗಳನ್ನು ಚೌಕದ ಕಾಗದದ ಮೇಲೆ ಮನೆ ಮನೆಯಾಗಿ ಬಿಡಿಸಿ, ಅದನ್ನು ರಂಧ್ರದ ರಟ್ಟುಗಳಿಗೆ ಇಳಿಸುತ್ತಾರೆ. ಅಖಂಡ ಚಿತ್ರವನ್ನು ಚೌಕಗಳಾಗಿ ಒಡೆದು, ಚೌಕಗಳಿಂದ ಮತ್ತೆ ಅಖಂಡವನ್ನು ಕಟ್ಟುವ ವಿದ್ಯೆ ಅವರಿಗೆ ಹೊಸದಲ್ಲ.

ಗಿಲ್ಬರ್ಟನ್‌ನ ಶೀರ್ಷಿಕೆಗಳು ಮಹತ್ತಾದ ಕಲಾಕೃತಿಗಳಲ್ಲ. ಅವುಗಳ ಚಿತ್ರ ಹಲವೆಡೆ ಯಾಂತ್ರಿಕ, ಸಂಗ್ರಹ ಹಲವೆಡೆ ಅವಸರದ್ದು. ಆದರೂ ಓದಿಗೆ ಹೊಸಬನಾದವನನ್ನು ದೊಡ್ಡ ಓದಿನ ಹೊಸ್ತಿಲಿಗೆ ತರುವ ಕೆಲಸವನ್ನು ಅವು ಪ್ರಾಮಾಣಿಕವಾಗಿ ಮಾಡಿದವು. 1965ರಲ್ಲಿ ಕನ್ನಡ ಆ ಚೌಕಟ್ಟನ್ನು ಕೈಗೆತ್ತಿಕೊಂಡದ್ದು ಓದಬಲ್ಲ ಮಕ್ಕಳಿಗಾಗಿ. ಓದಲಾರದೆಯೂ ಕನ್ನಡವನ್ನು ಬಿಡದ ಮಕ್ಕಳಿಗಾಗಿ ಅದನ್ನು ಕೈಗೆತ್ತಿಕೊಳ್ಳುವ ಕೆಲಸ ಬಾಕಿಯಿದೆ. ಸಿರುಮುಗೈಯಲ್ಲಿ ಇಂದು ಕಾಗಕ್ಕ ಗುಬ್ಬಕ್ಕರ ಕಥೆ ಹೇಳಬಲ್ಲ ಅಜ್ಜಿಯರ ದನಿ ಕೇಳುತ್ತಿರುವಾಗಲೇ ಅದು ಆಗಬೇಕು. ಆ ದನಿ ನಿಂತ ಮೇಲೆ ಗುಳ್ಳೆಯೊಳಗಿನ ಅಕ್ಷರವನ್ನು ಊಹಿಸಿ ಬಿಡಿಸಲು ಮಗುವಿನ ಕಿವಿಯಲ್ಲಿ ಏನೂ ಉಳಿದಿರುವುದಿಲ್ಲ.